ಕಣ್ಣನ್ನೇ ಉಪಕರಣವಾಗಿಸಿದ ಸರ್ ಸಿ.ವಿ. ರಾಮನ್

ಬೆಳ್ತಂಗಡಿಯ ಕಡೆಯಿಂದ ಕುದುರೆಮುಖದ ಶ್ರೇಣಿಯನ್ನು ದಿಟ್ಟಿಸುವವರಿಗೆ ದೂರದ ಬೆಟ್ಟ ನೀಲಿಯಾಗಿ ತೋರುತ್ತದೆ. ಸಮೀಪಕ್ಕೆ ಹೋದಾಗ ಅದೇ ಬೆಟ್ಟ ಹಸಿರು. ತಪ್ಪಿದ್ದು ಕಣ್ಣೋ, ಮಾರ್ಪಟ್ಟದ್ದು ಬೆಳಕೋ? ಇಂತಹ ಪ್ರಶ್ನೆಗಳನ್ನು ಬಾಳಿನ ಕೊನೆಯವರೆಗೂ ಬೆನ್ನಟ್ಟಿದವರು ಚಂದ್ರಶೇಖರ ವೆಂಕಟ ರಾಮನ್.

1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದ ರಾಮನ್‌ರ ಬಾಲ್ಯ ಕಳೆದುದು ವಿಶಾಖಪಟ್ಟಣದಲ್ಲಿ. ತಂದೆ ಅಲ್ಲಿನ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದರು. ಬಾಲಕ ಕಲಿತದ್ದು ಕಥೋಲಿಕ ಗುರುಗಳ ಸಂತ ಅಲೋಶಿಯಸ್ ಶಾಲೆಯಲ್ಲಿ. ಮಂಗಳೂರಿನ ನಮ್ಮ ಕಾಲೇಜಿಗೂ ಅದೇ ಸಂತರ ಹೆಸರಿರುವುದು ಓದುಗರಿಗೆ ತಿಳಿದಿದೆ. 11ನೆಯ ವಯಸ್ಸಿನಲ್ಲಿಯೇ ಮೆಟ್ರಿಕ್ಯುಲೇಷನ್ ಮುಗಿಸಿದ ಅವರು 1907ರಲ್ಲಿ ಮದರಾಸಿನಲ್ಲಿ ಎಂ.ಎ. ಪದವಿ ಪಡೆದು ಸರಕಾರದ ಹಣಕಾಸು ಇಲಾಖೆಯನ್ನು ಸೇರಿದರು. ಕಲ್ಕತ್ತೆಯಲ್ಲಿ ಕಚೇರಿಯ ವೇಳೆಯ ಹೊರಗೆ ಪ್ರಯೋಗಶಾಲೆಯೇ ಅವರ ಮನೆಯಾಯಿತು. 1917ರಲ್ಲಿ ಹೆಚ್ಚಿನ ಸಂಬಳದ ಹುದ್ದೆಯನ್ನು ತ್ಯಜಿಸಿ ಪ್ರಾಧ್ಯಾಪಕರಾದರು.

1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುವಾಗ ಮೆಡಿಟರೇನಿಯನ್ ಸಮುದ್ರದ ನೀಲಿ ಅವರನ್ನು ಸೆರೆಹಿಡಿಯಿತು. ಆಕಾಶದ ನೀಲಿಯೇ ನೀರಿನಲ್ಲಿ ಪ್ರತಿಫಲಿಸುತ್ತದೆ ಎಂಬುದು ಆಗಿನ ವಿದ್ವಾಂಸರ ಮತವಾಗಿತ್ತು. ರಾಮನ್ ನಿಕಲ್ ಪ್ರಿಸಂ ಎಂಬ ಚಿಕ್ಕ ಸ್ಫಟಿಕವನ್ನು ಕಣ್ಣಿಗೆ ಹಿಡಿದು, ನೀರಿನ ಮೇಲ್ಮೈಯಿಂದ ಬರುವ ಪ್ರತಿಫಲನವನ್ನು ತಡೆದು ನೋಡಿದರು. ನೀಲಿ ಅಳಿಯಲಿಲ್ಲ, ಇನ್ನೂ ಗಾಢವಾಯಿತು. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆಂದು ಅವರು ತೋರಿಸಿಕೊಟ್ಟರು. ಇಂದು ಕನ್ನಡಕದ ಅಂಗಡಿಗಳಲ್ಲಿ ದೊರೆಯುವ ಪೋಲರಾಯ್ಡ್ ಕನ್ನಡಕ ಝಳಪನ್ನು ತಡೆಯುವುದೂ ಇದೇ ತತ್ತ್ವದಿಂದ.

ಮುಂದೆ ಕೆ.ಎಸ್. ಕೃಷ್ಣನ್‌ರೊಡನೆ ಬಣ್ಣದ ಗಾಜಿನ ಪರೀಕ್ಷೆ ನಡೆಯಿತು. ಸೂರ್ಯನ ಬೆಳಕನ್ನು ನೇರಳೆ ಗಾಜಿನ ಮೂಲಕ ದ್ರವಕ್ಕೆ ಹಾಯಿಸಿ, ಚದುರಿದ ಬೆಳಕಿನ ಎದುರು ನೇರಳೆಯನ್ನು ಪೂರ್ತಿಯಾಗಿ ತಡೆಯುವ ಇನ್ನೊಂದು ಗಾಜನ್ನು ಇಟ್ಟರು. ಆಗ ಕತ್ತಲೆಯೇ ಉಳಿಯಬೇಕಿತ್ತು. ಆದರೆ ಮಸುಕಾದ ಬೆಳಕೊಂದು ಕಂಡಿತು. ಅಣುಗಳು ಬೆಳಕಿನ ಬಣ್ಣವನ್ನೇ ಬದಲಿಸಿದ್ದವು. 1928ರ ಫೆಬ್ರವರಿ 28ರಂದು ದೃಢಪಟ್ಟ ಈ ರಾಮನ್ ಪರಿಣಾಮಕ್ಕೆ 1930ರ ನೊಬೆಲ್ ಪಾರಿತೋಷಕ ಸಂದಿತು.

1933ರಲ್ಲಿ ಬೆಂಗಳೂರಿಗೆ ಬಂದ ರಾಮನ್ ಈ ನಾಡಿನವರೇ ಆದರು. 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಿದರು. ಇಳಿವಯಸ್ಸಿನಲ್ಲಿ ಅವರು ಪರೀಕ್ಷೆಗೆ ಒಡ್ಡಿದ್ದು ಕಣ್ಣನ್ನೇ. ಬಣ್ಣದ ಗಾಜನ್ನು ಕಣ್ಣಿಗೆ ಹಿಡಿದು, ಬೆಳಗಿದ ಪರದೆಯ ಒಂದು ಬಿಂದುವಿನಲ್ಲಿ ದೃಷ್ಟಿ ನೆಟ್ಟು, ಗಾಜನ್ನು ಥಟ್ಟನೆ ಸರಿಸಿದರೆ ಪರದೆಯ ಮೇಲೆ ಕ್ಷಣಕಾಲ ಒಂದು ಚಿತ್ರ ಮೂಡುತ್ತದೆ. ತನ್ನದೇ ಅಕ್ಷಿಪಟಲವನ್ನು ನೋಡುಗ ಹೀಗೆ ಕಾಣುತ್ತಾನೆಂದು ಅವರು ವಿವರಿಸಿದರು. ದೃಷ್ಟಿಯನ್ನು ಕುರಿತ ಅವರ ಗ್ರಂಥ 1968ರಲ್ಲಿ ಪ್ರಕಟವಾಯಿತು.

ಮೂರು ಬಗೆಯ ಗ್ರಾಹಕಗಳಿಂದ ಬಣ್ಣದ ಅರಿವಾಗುತ್ತದೆ ಎಂಬ ಸಿದ್ಧಾಂತವನ್ನು ರಾಮನ್ ಒಪ್ಪಲಿಲ್ಲ. ಆದರೆ 1964ರಲ್ಲಿಯೇ ಅಮೆರಿಕದ ವಿಜ್ಞಾನಿಗಳು ಮಾನವನ ಅಕ್ಷಿಪಟಲದ ಒಂದೊಂದೇ ಕೋಶವನ್ನು ಅಳೆದು ಆ ಮೂರು ಬಗೆಗಳನ್ನು ಗುರುತಿಸಿದ್ದರು. ಹೀಗಾಗಿ ರಾಮನ್‌ರ ದೃಷ್ಟಿಸಿದ್ಧಾಂತಕ್ಕೆ ವಿಜ್ಞಾನ ಲೋಕದ ಮನ್ನಣೆ ದೊರೆಯಲಿಲ್ಲ. ಸ್ವಂತ ಕಣ್ಣಿನ ಮೇಲಿನ ಅದೇ ಅಚಲ ನಂಬಿಕೆ ಕಡಲಿನ ಮೇಲೆ ಅವರನ್ನು ಸತ್ಯದೆಡೆಗೆ ಒಯ್ದಿತ್ತು. ಕಲ್ಕತ್ತೆಯಲ್ಲಿ ಕಂಡ ಮಸುಕು ಬೆಳಕನ್ನು ಜಗತ್ತಿನ ಬೇರೆ ಪ್ರಯೋಗಶಾಲೆಗಳೂ ಕಂಡು ಸಾಕ್ಷಿ ನುಡಿದಿದ್ದವು. ದೃಷ್ಟಿಯ ವಿಷಯದಲ್ಲಿ ಆ ಎರಡನೆಯ ಸಾಕ್ಷಿ ಅವರ ಪರವಾಗಿ ಬರಲಿಲ್ಲ. ಪ್ರತ್ಯಕ್ಷವಾಗಿ ಕಂಡದ್ದೂ ಪರರ ಪರೀಕ್ಷೆಗೆ ಒಳಪಡಬೇಕು ಎಂಬ ನಿಯಮಕ್ಕೆ ಮಹಾಮೇಧಾವಿಗಳೂ ಹೊರತಲ್ಲ.

1970ರ ನವೆಂಬರ್ 21ರಂದು ರಾಮನ್ ನಿಧನರಾದರು. ಅವರ ಇಚ್ಛೆಯಂತೆ ಸಂಸ್ಥೆಯ ತೋಟದಲ್ಲಿಯೇ ಅಂತ್ಯಸಂಸ್ಕಾರ ನಡೆಯಿತು. ಅಲ್ಲಿ ಗೋರಿಯಿಲ್ಲ, ಒಂದು ಮರವಿದೆ. ಫೆಬ್ರವರಿ 28ನ್ನು 1987ರಿಂದ ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸಲಾಗುತ್ತಿದೆ. ಬಂಟ್ವಾಳ, ಮೂಡುಬಿದಿರೆಗಳ ನಮ್ಮ ಶಾಲೆಗಳಲ್ಲಿ ಆ ದಿನ ಭಾಷಣಗಳಾಗುತ್ತವೆ. ಅದರ ಜೊತೆಗೆ ಮಕ್ಕಳ ಕೈಗೆ ಎರಡು ಬಣ್ಣದ ಗಾಜುಗಳನ್ನು ಕೊಟ್ಟು, ಕಂಡದ್ದನ್ನು ಪರಸ್ಪರ ಹೋಲಿಸಿ ನೋಡಲು ಹೇಳಿದರೆ ರಾಮನ್‌ರ ಸ್ಮರಣೆ ಸಾರ್ಥಕವಾದೀತು.