ಜಾನ್ ಫಿಲಿಪ್ ಹಾಲೆಂಡ್

ಜಾನ್ ಫಿಲಿಪ್ ಹಾಲೆಂಡ್ (1841 – 12 ಆಗಸ್ಟ್ 1914) ಐರ್ಲೆಂಡ್ ಮೂಲದ ಅಮೆರಿಕದ ಎಂಜಿನಿಯರ್. ಅಮೆರಿಕದ ನೌಕಾಪಡೆಯ ಮೊದಲ ಆಧುನಿಕ ಜಲಾಂತರ್ಗಾಮಿಯನ್ನೂ ಬ್ರಿಟನ್ ನೌಕಾಪಡೆಯ ಮೊದಲ ಜಲಾಂತರ್ಗಾಮಿಯನ್ನೂ ವಿನ್ಯಾಸಗೊಳಿಸಿದವರು ಇವರು. ನಿಲುಭಾರ (ಬ್ಯಾಲಸ್ಟ್) ಮತ್ತು ಸಮತೋಲನ (ಟ್ರಿಮ್) ಕುರಿತು ಇವರು ಅನುಸರಿಸಿದ ತತ್ತ್ವಗಳು ಇಂದಿನ ರೇಡಿಯೊ ನಿಯಂತ್ರಿತ ಮಾದರಿ ಜಲಾಂತರ್ಗಾಮಿಗಳಲ್ಲಿಯೂ ಬಳಕೆಯಲ್ಲಿವೆ.

ಆರಂಭಿಕ ಜೀವನ

ಹಾಲೆಂಡ್ ಐರ್ಲೆಂಡಿನ ಕ್ಲೇರ್ ಕೌಂಟಿಯ ಕಡಲತೀರದ ಊರಾದ ಲಿಸ್ಕ್ಯಾನರ್‌ನಲ್ಲಿ ಜನಿಸಿದರು. ತಂದೆ ಕರಾವಳಿ ಕಾವಲು ಸೇವೆಯಲ್ಲಿದ್ದರು. ಮನೆಮಾತು ಐರಿಷ್ ಆಗಿದ್ದು, ಇಂಗ್ಲಿಷನ್ನು ಶಾಲೆಯಲ್ಲಿ ಕಲಿತರು. 1858ರಲ್ಲಿ ಕ್ರಿಶ್ಚಿಯನ್ ಬ್ರದರ್ಸ್ ಧಾರ್ಮಿಕ ಸಂಸ್ಥೆಯನ್ನು ಸೇರಿ ಶಿಕ್ಷಕರಾದರು. ಅನಾರೋಗ್ಯದಿಂದ 1873ರಲ್ಲಿ ಅದನ್ನು ತೊರೆದು ಅಮೆರಿಕಕ್ಕೆ ವಲಸೆ ಹೋದರು. ಬಾಸ್ಟನ್ನಿನಲ್ಲಿ ಮಂಜುಗಡ್ಡೆಯ ಮೇಲೆ ಜಾರಿಬಿದ್ದು ಕಾಲು ಮುರಿದುಕೊಂಡಾಗ, ಆ ಬಿಡುವಿನಲ್ಲಿ ತಮ್ಮ ಹಳೆಯ ಜಲಾಂತರ್ಗಾಮಿ ನಕ್ಷೆಗಳನ್ನು ಪರಿಷ್ಕರಿಸಿದರು. ಮುಂದೆ ನ್ಯೂಜೆರ್ಸಿಯ ಪ್ಯಾಟರ್ಸನ್ ನಗರದಲ್ಲಿ ಶಿಕ್ಷಕರಾಗಿದ್ದಾಗ, 1875ರಲ್ಲಿ ನೌಕಾಪಡೆಗೆ ಸಲ್ಲಿಸಿದ ವಿನ್ಯಾಸವು ತಿರಸ್ಕೃತವಾಯಿತು.

ಮೊದಲ ದೋಣಿಗಳು

ಬ್ರಿಟಿಷ್ ಆಳ್ವಿಕೆಯ ವಿರುದ್ಧ ಹೋರಾಡುತ್ತಿದ್ದ ಐರಿಷ್ ಫೆನಿಯನ್ನರು ಹಾಲೆಂಡರಿಗೆ ಹಣ ಒದಗಿಸಿದರು. 1878ರಲ್ಲಿ ಪಸೇಕ್ ನದಿಯಲ್ಲಿ ಪರೀಕ್ಷಿಸಲಾದ ಮೊದಲ ದೋಣಿಯು ಸುಮಾರು 14 ಅಡಿ ಉದ್ದವಿದ್ದು, ಒಬ್ಬರಿಗಷ್ಟೇ ಸ್ಥಳವಿತ್ತು. 1881ರ 'ಫೆನಿಯನ್ ರ್‍ಯಾಮ್' 31 ಅಡಿ ಉದ್ದದ್ದಾಗಿದ್ದು, ಮೂವರು ನಾವಿಕರನ್ನು ಹೊರುತ್ತಿತ್ತು. ಹಣಕಾಸಿನ ವಿವಾದದಿಂದಾಗಿ 1883ರಲ್ಲಿ ಫೆನಿಯನ್ನರೇ ಆ ದೋಣಿಯನ್ನು ಗುಟ್ಟಾಗಿ ಸಾಗಿಸಿದರು. ಆದರೆ ಅದನ್ನು ನಡೆಸಲು ಅವರಿಗೆ ತಿಳಿದಿರಲಿಲ್ಲ, ಹಾಲೆಂಡರು ನೆರವಾಗಲಿಲ್ಲ.

ನಿಲುಭಾರ ಮತ್ತು ಸಮತೋಲನ

ಅರ್ಧ ತುಂಬಿದ ತೊಟ್ಟಿಯಲ್ಲಿ ನೀರು ಹಿಂದುಮುಂದಾಗಿ ಹೊರಳುವುದರಿಂದ ದೋಣಿಯ ಗುರುತ್ವ ಕೇಂದ್ರ ಸರಿದು, ಮೂತಿ ಏರಿಳಿಯುತ್ತದೆ. ಇದನ್ನು ತಡೆಯಲು ಹಾಲೆಂಡರು ಮುಳುಗುವಾಗ ಮುಖ್ಯ ತೊಟ್ಟಿಗಳನ್ನು ಪೂರ್ಣವಾಗಿ ತುಂಬಿಸಿ, ಗುರುತ್ವ ಕೇಂದ್ರವನ್ನು ಕೆಳಮಟ್ಟದಲ್ಲಿ ಸ್ಥಿರವಾಗಿರಿಸಿದರು. ಸಣ್ಣಪುಟ್ಟ ತೂಕದ ವ್ಯತ್ಯಾಸಗಳಿಗೆ ಚಿಕ್ಕ ತೊಟ್ಟಿಗಳಿದ್ದವು; ಟಾರ್ಪಿಡೊ ಹೊರಹೋದಾಗ ಅದರ ತೂಕದಷ್ಟು ನೀರನ್ನು ಒಳಕ್ಕೆ ತೆಗೆದುಕೊಳ್ಳಲಾಗುತ್ತಿತ್ತು. ಇಷ್ಟಾದರೂ ದೋಣಿಯಲ್ಲಿ ಸ್ವಲ್ಪ ತೇಲುವ ಶಕ್ತಿಯನ್ನು ಉಳಿಸಲಾಗುತ್ತಿತ್ತು. ಚಲಿಸುತ್ತಿರುವಾಗ ಹಿಂಬದಿಯ ಅಡ್ಡ ಚುಕ್ಕಾಣಿಗಳು ಅದನ್ನು ಓರೆಯಾಗಿ ಕೆಳಕ್ಕಿಳಿಸುತ್ತಿದ್ದವು. ಯಂತ್ರ ನಿಂತರೆ ಅದು ತಾನಾಗಿಯೇ ಮೇಲಕ್ಕೆ ಬರುತ್ತಿತ್ತು. ನಿಲುಭಾರದ ತೊಟ್ಟಿಯಿಲ್ಲದ ಸರಳ ಮಾದರಿಗಳು ಇದೇ ಕ್ರಮದಿಂದ ಮುಳುಗುತ್ತವೆ. ರೇಡಿಯೊ ಸಂಪರ್ಕ ಕಡಿದು ಮೋಟಾರು ನಿಂತರೂ ಅವು ಕೆರೆಯ ತಳ ಸೇರುವುದಿಲ್ಲ. ನಿಂತಲ್ಲೇ ಮುಳುಗುವ ಮಾದರಿಗಳಿಗೆ ಸಾಮಾನ್ಯವಾಗಿ ನಿಲುಭಾರದ ತೊಟ್ಟಿ ಇರುತ್ತದೆ.

ಹಾಲೆಂಡ್-6 ಮತ್ತು ಕೊನೆಯ ವರ್ಷಗಳು

17 ಮೇ 1897ರಂದು ನೀರಿಗಿಳಿದ 'ಹಾಲೆಂಡ್-6' ಮೇಲ್ಮೈಯಲ್ಲಿ ಪೆಟ್ರೋಲ್ ಎಂಜಿನ್ನಿನಿಂದಲೂ ನೀರಿನೊಳಗೆ ವಿದ್ಯುತ್ ಮೋಟಾರಿನಿಂದಲೂ ಚಲಿಸುತ್ತಿತ್ತು. 1900ರ ಏಪ್ರಿಲ್ 11ರಂದು ಅಮೆರಿಕದ ನೌಕಾಪಡೆಯು ಇದನ್ನು 1,50,000 ಡಾಲರುಗಳಿಗೆ ಖರೀದಿಸಿತು. ಮರುವರ್ಷ ಇದೇ ವಿನ್ಯಾಸದ ವಂಶದ ದೋಣಿಯು ಬ್ರಿಟನ್ನಿನಲ್ಲಿ ನೀರಿಗಿಳಿಯಿತು. ಬ್ರಿಟನ್ನಿನ ವಿರುದ್ಧ ಬಳಸಲೆಂದು ಆರಂಭವಾದ ಪ್ರಯೋಗವು ಹೀಗೆ ಅದೇ ದೇಶದ ನೌಕಾಬಲವನ್ನು ಸೇರಿತು.

ಅಷ್ಟರಲ್ಲಿ ಹಾಲೆಂಡರ ಪೇಟೆಂಟುಗಳು 1899ರಲ್ಲಿ ಸ್ಥಾಪನೆಯಾದ ಎಲೆಕ್ಟ್ರಿಕ್ ಬೋಟ್ ಕಂಪನಿಯ ವಶವಾಗಿದ್ದವು. 1904ರಲ್ಲಿ ಅವರು ಕಂಪನಿಯನ್ನು ತೊರೆದರು. ಮೊದಲ ಮಹಾಯುದ್ಧ ಆರಂಭವಾದ ಕೆಲವೇ ದಿನಗಳಲ್ಲಿ ನ್ಯೂವಾರ್ಕ್‌ನಲ್ಲಿ ನಿಧನರಾದರು. ಅವರ ಮೊದಲ ದೋಣಿ ಮತ್ತು 'ಫೆನಿಯನ್ ರ್‍ಯಾಮ್' ಪ್ಯಾಟರ್ಸನ್ ವಸ್ತುಸಂಗ್ರಹಾಲಯದಲ್ಲಿವೆ.