ಬೆಂಕಿಕಡ್ಡಿಗಳನ್ನು ಕುಣಿಸಿದ ಫಾಲ್ಕೆಯವರು

ಪಾಂಡವಪುರ, ಕೃಷ್ಣರಾಜಪೇಟೆಗಳ ಹಳ್ಳಿಗಳಿಂದ ನಮ್ಮ ಶಾಲೆಗೆ ಬರುವ ಮಕ್ಕಳು ಫಾಲ್ಕೆ ಎಂಬುದನ್ನು ಒಂದು ಪ್ರಶಸ್ತಿಯ ಹೆಸರಾಗಿ ಬಲ್ಲರು. 1995ನೆಯ ಸಾಲಿನ ಆ ಪ್ರಶಸ್ತಿ ಡಾ. ರಾಜಕುಮಾರ್ ಅವರಿಗೆ ಸಂದಿತು. ಆದರೆ ಆ ಹೆಸರಿನ ಮಹನೀಯರು ಒಮ್ಮೆ ಬೆಂಕಿಕಡ್ಡಿಗಳನ್ನು ಹರಡಿಕೊಂಡು ಕುಳಿತು, ಅವುಗಳಿಂದಲೇ ಜನರನ್ನು ನಗಿಸಲು ಹೊರಟಿದ್ದ ಸಂಗತಿ ಅಷ್ಟಾಗಿ ಪ್ರಚಾರದಲ್ಲಿಲ್ಲ.

ಧುಂಡಿರಾಜ ಗೋವಿಂದ ಫಾಲ್ಕೆಯವರು 1870ರ ಏಪ್ರಿಲ್ 30ರಂದು ನಾಸಿಕದ ಬಳಿಯ ತ್ರ್ಯಂಬಕೇಶ್ವರದಲ್ಲಿ ಜನಿಸಿದರು. ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿಯೂ ಬರೋಡೆಯ ಕಲಾಭವನದಲ್ಲಿಯೂ ವ್ಯಾಸಂಗ ಮಾಡಿ, ಛಾಯಾಚಿತ್ರ, ಮುದ್ರಣ ಮುಂತಾದ ಕಸುಬುಗಳಲ್ಲಿ ನುರಿತರು. ಕ್ರಿಸ್ತನ ಚರಿತ್ರೆಯ ಚಲಚ್ಚಿತ್ರವೊಂದನ್ನು ಕಂಡ ಮೇಲೆ, ನಮ್ಮ ಪುರಾಣಪುರುಷರನ್ನೂ ತೆರೆಗೆ ತರಬೇಕೆಂಬ ಹಂಬಲ ಅವರನ್ನು ಹಿಡಿಯಿತು. 1912ರಲ್ಲಿ ಲಂಡನ್ನಿಗೆ ಹೋಗಿ ಕ್ಯಾಮರಾ ಕೊಂಡು ತಂದರು. ಹಣ ಹಾಕುವವರಿಗೆ ನಂಬಿಕೆ ಬರಿಸಲು ಬಟಾಣಿಯ ಬೀಜವನ್ನು ಬಿತ್ತಿ, ಅದು ಮೊಳೆತು ಬಳ್ಳಿಯಾಗುವುದನ್ನು ದಿನದಿನವೂ ಸೆರೆಹಿಡಿದು ತೋರಿಸಿದರು. ಪತ್ನಿ ಸರಸ್ವತೀಬಾಯಿಯವರ ಒಡವೆಗಳೂ ಈ ಸಾಹಸಕ್ಕೆ ಹೋದವು. ಫಿಲ್ಮಿಗೆ ರಂಧ್ರ ಕೊರೆಯುವುದು, ಅದನ್ನು ತೊಳೆಯುವುದು, ತಂಡದವರಿಗೆಲ್ಲ ಅಡಿಗೆ ಮಾಡಿ ಬಡಿಸುವುದು ಆ ತಾಯಿಯ ಪಾಲಿಗೇ ಬಂದಿತು. 1913ರ ಮೇ 3ರಂದು ಮುಂಬಯಿಯಲ್ಲಿ ‘ರಾಜಾ ಹರಿಶ್ಚಂದ್ರ’ ತೆರೆಕಂಡಿತು. ರಾಘವಾಂಕನನ್ನು ಓದಿದ ನಮಗೆ ಕಥೆ ಹೊಸದಲ್ಲ. ಅದನ್ನು ಹೇಳಿದ ಯಂತ್ರ ಹೊಸದು.

ಅಷ್ಟರಲ್ಲಿ ಯೂರೋಪಿನ ಮಹಾಯುದ್ಧ ಬಂದು ಹಣಕ್ಕೂ ಕಚ್ಚಾ ಫಿಲ್ಮಿಗೂ ತತ್ವಾರವಾಯಿತು. ಫಾಲ್ಕೆಯವರು ಕೈಕಟ್ಟಿ ಕುಳಿತವರಲ್ಲ. ಫ್ರಾನ್ಸಿನ ಎಮಿಲ್ ಕೋಲ್ 1908ರಲ್ಲೇ ಬೆಂಕಿಕಡ್ಡಿಗಳನ್ನು ಚಲಿಸುವಂತೆ ಮಾಡಿದ್ದನು. ಅದೇ ಬಗೆಯಲ್ಲಿ 1915ರಲ್ಲಿ ಇವರು ‘ಆಗಕಾಡ್ಯಾಂಚೀ ಮೌಜ’, ಎಂದರೆ ಬೆಂಕಿಕಡ್ಡಿಗಳ ಮೋಜು, ಎಂಬ ಕಿರುಚಿತ್ರವನ್ನು ರಚಿಸಿದರು.

ನಾಗಮಂಗಲದ ಕಡೆಯ ತೊಗಲುಬೊಂಬೆಯಾಟವನ್ನು ನೋಡಿದವರಿಗೆ ಇದರ ಮರ್ಮ ಬೇಗ ತಿಳಿದೀತು. ಅಲ್ಲಿ ಕಿಳ್ಳೇಕ್ಯಾತನು ಕುಣಿಯುವಾಗ ಪರದೆಯ ಹಿಂದೆ ಕಲಾವಿದನ ಕೈ ಎಡೆಬಿಡದೆ ಆಡುತ್ತಿರುತ್ತದೆ. ಇಲ್ಲಿಯಾದರೋ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ, ಕೈಯನ್ನು ಹಿಂದೆಗೆದು ಒಂದು ಚಿತ್ರ ತೆಗೆಯಬೇಕು. ಮತ್ತೆ ಸರಿಸಬೇಕು, ಮತ್ತೆ ತೆಗೆಯಬೇಕು. ಸೆಕೆಂಡಿಗೆ 16 ಚಿತ್ರಗಳೆಂದರೂ ಒಂದು ನಿಮಿಷದ ನಗೆಗೆ 960 ಚಿತ್ರಗಳಾದವು. ನಡುವೆ ಒಂದು ಕಡ್ಡಿ ಉರುಳಿದರೆ ಆಟವೇ ಕೆಟ್ಟಿತು. ಕಾಯಕದ ಮಾತನ್ನು ಕೇಳುತ್ತ ಬೆಳೆದ ಮಕ್ಕಳಿಗೆ ಈ ದುಡಿಮೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

1917ರ ‘ಲಂಕಾದಹನ’ ಅಪಾರ ಜನಪ್ರಿಯತೆ ಗಳಿಸಿತು. ಮುಂದೆ ಕಂಪೆನಿ ಕಟ್ಟಿದರು, ಪಾಲುದಾರರೊಡನೆ ಮುನಿದು ಹೊರಬಂದರು, ಮತ್ತೆ ಸೇರಿದರು. ಆ ಜಗಳಗಳು ಇಲ್ಲಿ ಬೇಡ. ವಾಕ್ಚಿತ್ರಗಳ ಕಾಲ ಅವರಿಗೆ ಒಗ್ಗಲಿಲ್ಲ. 1937ರ ‘ಗಂಗಾವತರಣ’ವೇ ಕೊನೆಯ ಚಿತ್ರವಾಯಿತು. 1944ರ ಫೆಬ್ರವರಿ 16ರಂದು ನಾಸಿಕದಲ್ಲಿ ಅವರು ಕಣ್ಮುಚ್ಚಿದಾಗ ಚಿತ್ರರಂಗ ಅವರನ್ನು ಬಹುಮಟ್ಟಿಗೆ ಮರೆತಿತ್ತು.

ಅವರ ಹೆಸರಿನ ಪ್ರಶಸ್ತಿ 1969ರಲ್ಲಿ ಆರಂಭವಾಯಿತು. ‘ರಾಜಾ ಹರಿಶ್ಚಂದ್ರ’ದ ಕೆಲವು ಭಾಗಗಳನ್ನು ಇಂದಿಗೂ ನೋಡಬಹುದು. ಬೆಂಕಿಕಡ್ಡಿಗಳ ಚಿತ್ರ ಮಾತ್ರ ಉಳಿದುಬಂದಿಲ್ಲ. ಆ ಕಡ್ಡಿಗಳು ತೆರೆಯ ಮೇಲೆ ಹೇಗೆ ಕುಣಿದವೆಂದು ಕಂಡು ಹೇಳಬಲ್ಲವರು ಈಗ ಯಾರೂ ಇಲ್ಲ.