ಹ್ಯಾರಿ ಹೌಡಿನಿ

ಹ್ಯಾರಿ ಹೌಡಿನಿ (24 ಮಾರ್ಚ್ 1874 – 31 ಅಕ್ಟೋಬರ್ 1926) ಹಂಗೇರಿಯಲ್ಲಿ ಜನಿಸಿದ ಅಮೆರಿಕದ ಜಾದೂಗಾರ. ಕೈಕೋಳ, ಸರಪಳಿ ಹಾಗೂ ಬೀಗ ಹಾಕಿದ ಪೆಟ್ಟಿಗೆಗಳಿಂದ ಬಿಡಿಸಿಕೊಂಡು ಹೊರಬರುವ ಪ್ರದರ್ಶನಗಳಿಂದ ಈತನು ಜಗದ್ವಿಖ್ಯಾತನಾದನು. ಹೊಟ್ಟೆಗೆ ಬಿದ್ದ ಗುದ್ದುಗಳ ತರುವಾಯ ಅಪೆಂಡಿಕ್ಸ್ ಒಡೆದು ಸಂಭವಿಸಿದ ಈತನ ಮರಣವು ಇಂದಿಗೂ ವೈದ್ಯಕೀಯ ಚರ್ಚೆಯ ವಿಷಯವಾಗಿದೆ.

ಆರಂಭಿಕ ಜೀವನ

ಹೌಡಿನಿಯ ಜನ್ಮನಾಮ ಎರಿಕ್ ವೈಸ್. ಬುಡಾಪೆಸ್ಟ್ ನಗರದ ಯಹೂದಿ ಕುಟುಂಬವೊಂದರಲ್ಲಿ ಜನಿಸಿದನು. ತಂದೆ ಧರ್ಮಗುರುವಾಗಿದ್ದರು. 1878ರಲ್ಲಿ ಕುಟುಂಬವು ಅಮೆರಿಕಕ್ಕೆ ವಲಸೆ ಬಂದು ವಿಸ್ಕಾನ್ಸಿನ್ ರಾಜ್ಯದ ಆಪಲ್ಟನ್‌ನಲ್ಲಿ ನೆಲೆಸಿತು. ಬಡತನದಿಂದಾಗಿ ಎರಿಕ್ ಎಳವೆಯಲ್ಲಿಯೇ ದುಡಿಮೆಗೆ ಇಳಿಯಬೇಕಾಯಿತು. ಫ್ರಾನ್ಸ್ ದೇಶದ ಜಾದೂಗಾರ ರಾಬರ್ಟ್ ಹೌಡಿನ್ ಮೇಲಿನ ಅಭಿಮಾನದಿಂದ ಹೌಡಿನಿ ಎಂಬ ರಂಗನಾಮವನ್ನು ಇಟ್ಟುಕೊಂಡನು.

ವೃತ್ತಿಜೀವನ

1894ರಲ್ಲಿ ವಿವಾಹವಾದ ಬೆಸ್, ವೇದಿಕೆಯ ಮೇಲೂ ಈತನ ಸಹಾಯಕಿಯಾದಳು. 1900ರಲ್ಲಿ ಆರಂಭವಾದ ಯುರೋಪ್ ಪ್ರವಾಸ ಅಪಾರ ಕೀರ್ತಿ ತಂದಿತು. ನೀರು ತುಂಬಿದ ಗಾಜಿನ ಪೆಟ್ಟಿಗೆಯಲ್ಲಿ ತಲೆಕೆಳಗಾಗಿ ಬಂಧಿತನಾಗಿ ಹೊರಬರುವ ಪ್ರದರ್ಶನವನ್ನು 1912ರಲ್ಲಿ ಜನರ ಮುಂದಿಟ್ಟನು. ಸತ್ತವರೊಡನೆ ಮಾತನಾಡುವುದಾಗಿ ಹೇಳಿ ಹಣ ಕೀಳುವವರ ವಂಚನೆಗಳನ್ನು 1920ರ ದಶಕದಲ್ಲಿ ಬಯಲಿಗೆಳೆದನು.

ಕೊನೆಯ ದಿನಗಳು

1926ರ ಅಕ್ಟೋಬರ್ 11ರಂದು ಆಲ್ಬನಿಯಲ್ಲಿ ಪ್ರದರ್ಶನದ ವೇಳೆ ಹೌಡಿನಿಯ ಕಾಲಿನ ಮೂಳೆ ಮುರಿಯಿತು. ಅಕ್ಟೋಬರ್ 22ರಂದು ಕೆನಡಾದ ಮಾಂಟ್ರಿಯಲ್‌ನ ನಾಟಕಶಾಲೆಯೊಂದರಲ್ಲಿ ಒರಗಿ ವಿಶ್ರಮಿಸುತ್ತಿದ್ದಾಗ ಯುವಕನೊಬ್ಬನು, ಹೊಟ್ಟೆಗೆ ಬೀಳುವ ಗುದ್ದನ್ನು ತಾಳಿಕೊಳ್ಳುವ ಶಕ್ತಿ ಈತನಿಗಿದೆಯೇ ಎಂದು ವಿಚಾರಿಸಿ, ಹಲವು ಬಾರಿ ಬಲವಾಗಿ ಗುದ್ದಿದನು. ಸ್ನಾಯುಗಳನ್ನು ಬಿಗಿಗೊಳಿಸಿಕೊಳ್ಳಲು ಹೌಡಿನಿಗೆ ಅವಕಾಶವಾಗಲಿಲ್ಲ ಎಂದು ಅಲ್ಲಿದ್ದವರು ತಿಳಿಸಿದ್ದಾರೆ. ನೋವು ಹೆಚ್ಚಾದರೂ ಆತನು ಪ್ರದರ್ಶನಗಳನ್ನು ನಿಲ್ಲಿಸಲಿಲ್ಲ. ಡೆಟ್ರಾಯಿಟ್ ತಲುಪಿದಾಗ ಪರೀಕ್ಷಿಸಿದ ವೈದ್ಯರು ಅಪೆಂಡಿಸೈಟಿಸ್ ಎಂದು ತಿಳಿಸಿದರು. ಆದರೂ ಅಕ್ಟೋಬರ್ 24ರ ರಾತ್ರಿ ಸುಮಾರು 40 ಡಿಗ್ರಿ ಸೆಲ್ಸಿಯಸ್ ಜ್ವರದಲ್ಲಿಯೇ ವೇದಿಕೆ ಏರಿದನು. ಬಳಿಕ ಗ್ರೇಸ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಸಿದಾಗ ಅಪೆಂಡಿಕ್ಸ್ ಒಡೆದಿರುವುದು ಕಂಡುಬಂದಿತು. ಸೋಂಕು ಉದರದೊಳಗೆ ಹರಡಿತ್ತು. ಪೆನ್ಸಿಲಿನ್ ಇನ್ನೂ ಶೋಧವಾಗಿರದ ಆ ಕಾಲದಲ್ಲಿ ಅದನ್ನು ತಡೆಯಲು ಪರಿಣಾಮಕಾರಿ ಔಷಧವಿರಲಿಲ್ಲ. ಅಕ್ಟೋಬರ್ 31ರಂದು ತನ್ನ 52ನೆಯ ವಯಸ್ಸಿನಲ್ಲಿ ಹೌಡಿನಿ ನಿಧನನಾದನು. ನ್ಯೂಯಾರ್ಕ್‌ನ ಮ್ಯಾಕ್ಪೇಲಾ ಸ್ಮಶಾನದಲ್ಲಿ ಸಮಾಧಿ ಮಾಡಲಾಯಿತು.

ಮರಣದ ಕಾರಣ

ಅಪೆಂಡಿಸೈಟಿಸ್ ಸಾಮಾನ್ಯವಾಗಿ ಅಪೆಂಡಿಕ್ಸ್‌ನ ಒಳದಾರಿ ಮುಚ್ಚಿಹೋಗುವುದರಿಂದ ಉಂಟಾಗುತ್ತದೆ. ಹೊಟ್ಟೆಗೆ ಪೆಟ್ಟು ಬಿದ್ದ ನಂತರ ಅದು ಕಾಣಿಸಿಕೊಂಡ ಪ್ರಕರಣಗಳು ದಾಖಲಾಗಿದ್ದರೂ ಬಹಳ ವಿರಳ. ಪೆಟ್ಟಿನಿಂದಾದ ಊತ ಅಥವಾ ರಕ್ತಸ್ರಾವವು ಒಳದಾರಿಯನ್ನು ಮುಚ್ಚಬಹುದೆಂದು ಕೆಲವರು ವಿವರಿಸುತ್ತಾರೆ. ವಿಮಾ ಸಂಸ್ಥೆಯು ಗುದ್ದುಗಳೇ ಕಾರಣವೆಂದು ಒಪ್ಪಿ, ಅಪಘಾತ ಮರಣಕ್ಕೆ ಸಲ್ಲುವ ದುಪ್ಪಟ್ಟು ಹಣವನ್ನು ಬೆಸ್‌ಗೆ ನೀಡಿತು. ಆದರೆ ರೋಗವು ಮೊದಲೇ ಆರಂಭವಾಗಿತ್ತು, ನೋವನ್ನು ಪೆಟ್ಟಿನ ನೋವೆಂದೇ ಭಾವಿಸಿದ್ದರಿಂದ ಚಿಕಿತ್ಸೆ ತಡವಾಯಿತು ಎಂಬುದು ಇತರರ ಅಭಿಪ್ರಾಯ. ಆ ವಿಳಂಬವೇ ಪ್ರಾಣಾಂತಕವಾಯಿತು ಎಂಬುದರಲ್ಲಿ ಮಾತ್ರ ಹೆಚ್ಚಿನ ಭಿನ್ನಾಭಿಪ್ರಾಯವಿಲ್ಲ.